ಒಲೆಯ ಮುಂದೆ ಚಳಿ

ನನ್ನ ಭಾವ ಜೀವಮಾನದಲ್ಲಿ ಒಂದು ಹನಿ ಹೆಂಡ ಮುಟ್ಟಿದವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಹಲ್ಲು ಕಿರಿಯಬೇಡಿ. ಬೇಕರಿಯಲ್ಲಿ ಬ್ರೆಡ್ಡು ಬೇಯಿಸುವ ಒಲೆಯ ಕೆಲಸ ಅವರದು. ನಾನು ಅಲ್ಲೇ ಪ್ಯಾಕ್ ಮಾಡುವವನು. ಭಾವ ಬ್ರೆಡ್ಡಿನ ತಳ ತಟ್ಟಿ, ಸದ್ದು ಕೇಳಿಯೇ ಬೆಂದಿದೆಯೋ ಇಲ್ಲವೋ ಹೇಳುತ್ತಿದ್ದರು.

ಅಂಥವರು ಒಂದೇ ವರ್ಷದಲ್ಲಿ ಕುಗ್ಗಿಹೋದರು. ಆ ಬೆಂಕಿಯ ಮುಂದೆ ನಾವೆಲ್ಲ ಬೆವರಿನಲ್ಲಿ ತೊಯ್ದು ತೊಪ್ಪೆಯಾಗುತ್ತಿದ್ದರೆ ಇವರು ಸ್ವೆಟರ್ ಹಾಕಿಕೊಂಡು ನಿಲ್ಲುತ್ತಿದ್ದರು. ಮುಖ ಊದಿಕೊಂಡಿತು, ದನಿ ಒಡೆಯಿತು, ನಾಲಿಗೆ ದಪ್ಪವಾದ ಹಾಗೆ ಮಾತು ತೊದಲತೊಡಗಿತು.

"ಏನಣ್ಣಾ, ಬೆಳಗ್ಗೆ ಬೆಳಗ್ಗೇನೇ ಏರಿಸ್ಕೊಂಡು ಬಂದ್ಯಾ?" ಎಂದು ಜೊತೆಗಾರರು ಕಿಚಾಯಿಸುತ್ತಿದ್ದರು. ಭಾವ ನಗುತ್ತಿದ್ದರು. ನಗಬಾರದಿತ್ತು, ಕಪಾಳಕ್ಕೆ ಒಂದು ಬಿಡಬೇಕಿತ್ತು.

ಒಂದು ದಿನ ಭಾವ ನಿಂತಲ್ಲೇ ತೂಕಡಿಸಿದರು, ಒಲೆಯಲ್ಲಿದ್ದ ಬ್ರೆಡ್ಡೆಲ್ಲ ಇದ್ದಿಲಾಯಿತು. ಮಾಲೀಕ ಬಂದು ಬಾಯಿ ಮೂಸಿ ನೋಡಿದ. ವಾಸನೆ ಸಿಗಲಿಲ್ಲ.

"ವಾಸನೆ ಬರ್ದೇ ಇರೋದನ್ನ ಕುಡೀತೀಯ, ಕಳ್ಳ!" ಎಂದು ಕೆಲಸದಿಂದ ತೆಗೆದು ಮನೆಗೆ ಕಳಿಸಿದ.

ಮನೆಯಲ್ಲಿ ನನ್ನಕ್ಕ ಬಾಯಿಗೆ ಬಂದಂತೆ ಬೈದು ಮಾತು ಬಿಟ್ಟಳು. ಕರ್ಮ ನೋಡಿ: ಅವಳು ಎಷ್ಟೋ ವರ್ಷದಿಂದ ಖಾಲಿ ಹೊಟ್ಟೆಗೆ ಥೈರಾಯ್ಡ್ ಮಾತ್ರೆ ನುಂಗುವವಳು. ಆ ಮಾತ್ರೆ ತಂದುಕೊಡುತ್ತಿದ್ದವರು ಇದೇ ಭಾವ. ಅವಳಿಗೆ ಬಂದದ್ದೇ ಇವರಿಗೂ ಬಂದಿರಬಹುದು ಎಂದು ಒಬ್ಬರ ತಲೆಗೂ ಹೊಳೆಯಲಿಲ್ಲ. ಅದು ಹೆಂಗಸರ ಕಾಯಿಲೆ ಅಲ್ಲವೇ! ಕೊನೆಗೆ ಅಕ್ಕನ ತಪಾಸಣೆಗೆ ಜೊತೆಗೆ ಹೋಗಿ ಮೂಲೆಯಲ್ಲಿ ಮುದುಡಿ ಕೂತಿದ್ದವರನ್ನು ಡಾಕ್ಟರಮ್ಮ ದಿಟ್ಟಿಸಿ ನೋಡಿ, "ಇವ್ರ ರಕ್ತಾನೂ ತೆಗೀರಿ" ಎಂದರು. ಇವರಿಗೂ ಥೈರಾಯ್ಡೇ ಎಂದು ರಿಪೋರ್ಟು ಬಂದಾಗ ಅಕ್ಕ ಗೊಳೋ ಎಂದು ಅತ್ತಳು.

"ಅಯ್ಯೋ, ನಿಮ್ಮನ್ನ ಏನೇನೆಲ್ಲಾ ಅಂದ್ಬಿಟ್ನಲ್ಲಾ ರೀ."

ಮಾತ್ರೆ ನಾಟಿತು. ಕೆಲವು ತಿಂಗಳಲ್ಲಿ ಮುಖದ ಊತ ಇಳಿಯಿತು, ಕಣ್ಣಿಗೆ ಕಳೆ ಬಂತು. ಆದರೆ ಒಲೆ ಬಿಟ್ಟರೆ ಅವರಿಗೆ ಬೇರೆ ಕೆಲಸ ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ಇಬ್ಬರೂ ಮಾಲೀಕನ ಮುಂದೆ ಹೋಗಿ ನಿಂತೆವು. ಭಾವ ಥೈರಾಯ್ಡ್ ವಿಷಯ ಹೇಳಿದರು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

"ಹೆಂಗಸರ ಕಾಯಿಲೆ ಹೇಳಿ ನನ್ ಕಿವಿಗೆ ಹೂವಿಡ್ಬೇಡ ಕಣೋ. ಕುಡಿಯೋದು ಬಿಟ್ಟೆ ಅಂತ ಎಲ್ಲರೆದುರು ಬಾಯ್ಬಿಟ್ಟು ಹೇಳು, ಸಾಕು. ನಾಳೆಯಿಂದ ಒಲೆ ನಿಂದೇ."

ನಾನು ಬೈಯಲೆಂದು ಬಾಯಿ ತೆರೆದೆ, ಭಾವ ನನ್ನ ಕೈ ಹಿಡಿದು ಅದುಮಿದರು. ಬೇಕರಿಯವರೆಲ್ಲ ಕೆಲಸ ನಿಲ್ಲಿಸಿ ನೋಡುತ್ತಿದ್ದರು.

"ಬಿಟ್ಟಿದೀನಿ ಯಜಮಾನ್ರೇ," ಎಂದರು ನನ್ನ ಭಾವ. "ಇನ್ಮೇಲೆ ಮುಟ್ಟಲ್ಲ."