ತೆಂಗಿನ ಮರಕ್ಕೆ ಕೊಟ್ಟ ಕರೆಂಟು

ನಮ್ಮ ಮಾವನವರ ಬಲಗೈಯ ಕೊನೆಯ ಎರಡು ಬೆರಳು ಸದಾ ಅಂಗೈಯೊಳಕ್ಕೆ ಮಡಿಸಿಕೊಂಡೇ ಇರುತ್ತಿದ್ದವು. ಕಂಬದ ಮೇಲೆ ಕೆಲಸ ಮಾಡುತ್ತಿದ್ದಾಗ ಯಾರೋ ಲೈನ್ ಆನ್ ಮಾಡಿದ್ದರ ಗುರುತು ಅದು. ಉಳಿದ ಬೆರಳುಗಳಲ್ಲೇ ಅನ್ನ ಕಲಸುತ್ತಿದ್ದರು, ಸೈಕಲ್ ಹಿಡಿಯುತ್ತಿದ್ದರು. ಹೋದಲ್ಲೆಲ್ಲ ತಲೆಯೆತ್ತಿ ವೈರು ನೋಡುತ್ತಿದ್ದರು.

ಲೈನ್‌ಮನ್ ಕೆಲಸದಿಂದ ರಿಟೈರ್ ಆದ ಮೇಲೂ ಅವರ ಡ್ಯೂಟಿ ಮುಗಿಯಲಿಲ್ಲ. ಒಮ್ಮೆ ಗುಬ್ಬಿಯಲ್ಲಿ ನೆಂಟರ ಮನೆಯ ಗೃಹಪ್ರವೇಶ. ಎಲೆಗೆ ಒಬ್ಬಟ್ಟು ಬಿದ್ದಾಗಿತ್ತು, ತುಪ್ಪ ಬರುವುದೊಂದು ಬಾಕಿ. ಅಷ್ಟರಲ್ಲಿ ಅವರ ಕಣ್ಣು ಶಾಮಿಯಾನದ ಸೀರಿಯಲ್ ಸೆಟ್ಟಿನ ವೈರು ಹಿಡಿದು ಕಂಬದವರೆಗೂ ಹೋಯಿತು. ಮೀಟರಿಲ್ಲದೆ ಕಂಬದ ತಂತಿಗೇ ಕೊಕ್ಕೆ ಹಾಕಿದ್ದರು. ಮಾವ ಜಗಳವಾಡುವವರಲ್ಲ. ಎಲೆಗೆ ಕೈಮುಗಿದು ಎದ್ದುಬಿಟ್ಟರು. ಮಾವನೇ ಎದ್ದ ಮೇಲೆ ಸೊಸೆ ಕೂತು ಒಬ್ಬಟ್ಟು ತಿನ್ನುವುದು ಹೇಗೆ? ಬಸ್‌ಸ್ಟ್ಯಾಂಡಿನಲ್ಲಿ ಬಾಳೆಹಣ್ಣು ತಿಂದೆವು. ಮನೆ ಮುಟ್ಟುವ ತನಕ ನಾನು ಅವರ ಜೊತೆ ಮಾತಾಡಲಿಲ್ಲ.

ಆದರೆ ನನಗೆ ಸಾಕುಸಾಕಾಗಿ ಹೋಗಿದ್ದು ಕಾರಿನ ವಿಷಯದಲ್ಲಿ.

ನಮ್ಮದು ಸಿ.ಎಸ್. ಪುರದ ಹತ್ತಿರ ತೋಟದ ಮನೆ. ನಾನು ಕುಣಿಗಲ್ಲಿನ ಒಂದು ಶಾಲೆಯಲ್ಲಿ ಟೀಚರು. ಎರಡು ಬಸ್ಸು ಬದಲಾಯಿಸಿ, ನಿಂತುಕೊಂಡೇ ಹೋಗಿ ಬಂದು ಬೆನ್ನಿನ ಡಿಸ್ಕ್ ಜಾರಿತು. ಬಸ್ಸು ಬಿಡಿ, ಇಲ್ಲದಿದ್ದರೆ ಕೆಲಸ ಬಿಡಿ ಎಂದರು ಬಟವಾಡಿ ಆಸ್ಪತ್ರೆಯ ಡಾಕ್ಟರು. ಬರೀ ಪೆಟ್ರೋಲ್ ಕಾರಾದರೆ ಸಂಬಳವೆಲ್ಲ ಅದಕ್ಕೇ ಸರಿ. ಆಗಲೇ ನಮ್ಮ ಯಜಮಾನರ ಸ್ನೇಹಿತರೊಬ್ಬರು ತಮ್ಮ ಪ್ಲಗ್-ಇನ್ ಹೈಬ್ರಿಡ್ ಮಾರುವುದಾಗಿ ಹೇಳಿದರು. ಪೆಟ್ರೋಲೂ ಉಂಟು, ಪ್ಲಗ್ಗಿಗೆ ಹಾಕಿ ಚಾರ್ಜ್ ಮಾಡುವ ಬ್ಯಾಟರಿಯೂ ಉಂಟು. ದಿನಾ ಚಾರ್ಜ್ ಮಾಡಿದರೆ ಕುಣಿಗಲ್ಲಿಗೆ ಹೋಗಲು ಪೆಟ್ರೋಲೇ ಬೇಡ. ಮಾಡದಿದ್ದರೆ ಆ ಭಾರದ ಬ್ಯಾಟರಿಯನ್ನು ಪೆಟ್ರೋಲ್ ಸುಟ್ಟು ಹೊರಬೇಕು, ಆಗ ಕೊಂಡಿದ್ದೇ ದಂಡ ಎಂದು ಅವರೇ ಎಚ್ಚರಿಸಿದರು.

ಮನೆಯ ಲೈನಿನ ಹಣೆಬರಹ ಗೊತ್ತೇ ಇತ್ತು. ಮಿಕ್ಸಿ ಹಾಕಿದರೆ ಟ್ಯೂಬ್‌ಲೈಟ್ ಕಣ್ಣು ಮಿಟುಕಿಸುತ್ತದೆ. ಆದರೆ ತೋಟದ ಪಂಪ್‌ಹೌಸಿನಲ್ಲಿ ಗಟ್ಟಿ ಕರೆಂಟಿದೆ, ರೈತರ ಪಂಪ್‌ಸೆಟ್ಟಿಗೆ ಬಿಲ್ಲೂ ಇಲ್ಲ. ಅಲ್ಲಿಂದ ಒಂದು ವೈರು ಎಳೆದರೆ ಆಯಿತು ಎಂದರು ಯಜಮಾನರು.

ಮಾವ ಕಾಫಿ ಲೋಟ ಕೆಳಗಿಟ್ಟರು. "ಅದು ತೆಂಗಿನ ಮರಕ್ಕೆ ಕೊಟ್ಟಿರೋ ಕರೆಂಟು ಕಣಪ್ಪ. ಕಾರಿಗಲ್ಲ."

ಕಾರು ಬೇಡವೆಂದು ಅವರು ಹೇಳಲಿಲ್ಲ. ಬೇರೆ ಮೀಟರ್ ಹಾಕಿಸಿಕೊಂಡು ತಗೊಳ್ಳಿ ಎಂದರು. ಅರ್ಜಿ ಹಾಕಿದೆವು. ಟ್ರಾನ್ಸ್‌ಫಾರ್ಮರ್ ಸಾಲದು, ಕಾಯಿರಿ ಎಂದರು ಕರೆಂಟ್ ಆಫೀಸಿನವರು. ಅಲ್ಲಿರುವವರಲ್ಲಿ ಅರ್ಧ ಜನ ಇವರ ಕೈಕೆಳಗೆ ಕಂಬ ಹತ್ತಲು ಕಲಿತವರು. ಒಂದು ಮಾತು ಹೇಳಿ ಮಾವಾ ಎಂದು ಬೇಡಿಕೊಂಡೆ. ಹೋದರು, ಎಲ್ಲರ ಜೊತೆ ಬೆಂಚಿನ ಮೇಲೆ ಕೂತರು, ಸರದಿ ಬಂದಾಗ ವಿಚಾರಿಸಿ ವಾಪಸು ಬಂದರು. ತಿಂಗಳುಗಳು ಹೋದವು. ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು.

ಒಂದು ಸಂಜೆ ಬಸ್ಸಿಳಿದು ಬೆನ್ನು ಹಿಡಿದುಕೊಂಡು ಬಂದವಳು ಕೇಳಿಯೇಬಿಟ್ಟೆ: "ನಿಮ್ಗೆ ನನ್ ಬೆನ್ನಿಗಿಂತ ಸರ್ಕಾರದ ಕರೆಂಟೇ ಹೆಚ್ಚಾಯ್ತಾ ಮಾವಾ?"

ಅವರು ಜಗಲಿಯ ಅಂಚಿಗೆ ಸರಿದು ನನಗೆ ಕೂರಲು ಜಾಗ ಮಾಡಿದರು. ಆಮೇಲೆ ಹೇಳಿದರು: "ಕೋರದ ಕಡೆ ಡ್ಯೂಟಿಲಿದ್ದಾಗ ಒಂದು ಗುಡಿಸ್ಲಿನ ಕೊಕ್ಕೆ ಕಿತ್ತಿದ್ದೆ ಕಣಮ್ಮ. ಒಂದೇ ಒಂದು ಬಲ್ಬು. ಒಳಗೆ ಬಾಣಂತಿ ಇದ್ಲು. ಕತ್ಲಲ್ಲಿ ಮಗು ಅಳ್ತಿತ್ತು, ನಾನು ವೈರ್ ಸುತ್ಕೊಂಡು ಬಂದೆ. ಈಗ ನಮ್ಮನೆ ಕಾರಿಗೆ ಅಂತ ಕದ್ರೆ, ಅವತ್ತು ಮಾಡಿದ್ದು ಏನಾಯ್ತು ಹೇಳು?"

ಇಷ್ಟು ಕೇಳಿಯೂ ನನ್ನ ಸಿಟ್ಟು ಇಳಿಯಲಿಲ್ಲ. ಮರುದಿನ ಬೆಳಿಗ್ಗೆ ನನ್ನ ಬ್ಯಾಗು ಅವರ ಹೆಗಲ ಮೇಲಿತ್ತು. ಅಂದಿನಿಂದ ದಿನಾ ಬಸ್‌ಸ್ಟಾಪಿನ ತನಕ ಅವರೇ ಹೊತ್ತು ತಂದರು, ಸಂಜೆ ಬಸ್ಸಿಗೆ ಎದುರು ಬಂದು ನಿಂತರು. ಬ್ಯಾಗು ಹೊರುವವರ ಮೇಲೆ ನೆಮ್ಮದಿಯಾಗಿ ಸಿಟ್ಟು ಮಾಡಿಕೊಳ್ಳಲೂ ಆಗುವುದಿಲ್ಲ.

ಹೋದ ವರ್ಷ ಒಂದು ಬೆಳಿಗ್ಗೆ ಜಗಲಿಯ ಮೇಲೆ ಕೂತವರು ಏಳಲಿಲ್ಲ. ಹೃದಯ ನಿಂತಿತ್ತು.

ಶಿವಗಣಾರಾಧನೆ ಮುಗಿದು ಕೆಲವು ದಿನಕ್ಕೆ ಯಜಮಾನರು ಕಾರು ತಂದರು. ಮೀಟರ್ ಬಂದಿರಲಿಲ್ಲ. ನಾನು ಶಾಲೆಯಿಂದ ಬರುವಷ್ಟರಲ್ಲಿ ಪಂಪ್‌ಹೌಸಿನಿಂದ ವೈರು ಬಂದು, ಕಾರು ಚಾರ್ಜಿಗೆ ನಿಂತಿತ್ತು. ಇಷ್ಟು ದಿನ ನಾನು ಬಯಸಿದ್ದು ಇದೇ ತಾನೆ? ಆದರೂ ತೆಗೀರಿ ಅದನ್ನ ಎಂದೆ. "ಈಗ್ ಯಾರೇ ಕೇಳೋರು?" ಎಂದರು ಯಜಮಾನರು. ಅವರು ಏಳದಿದ್ದಾಗ ನಾನೇ ಹೋಗಿ ಪ್ಲಗ್ ಕಿತ್ತೆ.

ಮೀಟರ್ ಇವತ್ತಿಗೂ ಬಂದಿಲ್ಲ. ಆ ಭಾರದ ಬ್ಯಾಟರಿ ಹೊತ್ತುಕೊಂಡು ಪೆಟ್ರೋಲಿನಲ್ಲೇ ಕುಣಿಗಲ್ಲಿಗೆ ಹೋಗಿಬರುತ್ತೇನೆ. ಬಂಕಿನಲ್ಲಿ ನಿಂತಾಗಲೆಲ್ಲ ಮಾವನವರನ್ನು ಬೈದುಕೊಳ್ಳುತ್ತೇನೆ. ಇಂಥ ಕಾರು ಕೊಳ್ಳಬಹುದಾ ಮಿಸ್ ಎಂದು ಶಾಲೆಯಲ್ಲಿ ಕೇಳುತ್ತಾರೆ. ಮನೆಯಲ್ಲಿ ನಮ್ಮ ಮಾವನಂಥವರು ಇಲ್ಲದಿದ್ದರೆ ಧಾರಾಳವಾಗಿ ಕೊಳ್ಳಿ ಎನ್ನುತ್ತೇನೆ. ನಮ್ಮ ಮನೆಯಲ್ಲಿ ಇನ್ನೂ ಇದ್ದಾರೆ.