ವೆಂಕಟರತ್ನಮ್ಮನ ಓಟೆಲ್

ಬಂಗಾರಪೇಟೆಯ ವೆಂಕಟರತ್ನಮ್ಮ ಮೂವತ್ತೊಂದು ವರ್ಷ ಮಾರಿಕುಪ್ಪಂ ರೈಲು ಹತ್ತಿ ಕೆಜಿಎಫ್‌ನ ಕಾರ್ಖಾನೆಗೆ ಹೋದವರು. ಅಲ್ಲಿಯ ಸ್ಟೋರ್ಸಿನಲ್ಲಿ ನಟ್ಟು ಬೋಲ್ಟು ಎಣಿಸಿಕೊಟ್ಟು ಹೋದ ವರ್ಷ ರಿಟೈರಾದರು. ಆ ಮೂವತ್ತೊಂದು ವರ್ಷದಲ್ಲಿ ಅವರಿಗಿದ್ದ ಚಟ ಒಂದೇ, ಶಾರ್ಟ್‌ವೇವ್ ರೇಡಿಯೊ. ಕೇಳಿದ ನಿಲ್ದಾಣಕ್ಕೆ ‘ಇಂಥ ದಿನ, ಇಷ್ಟು ಹೊತ್ತಿಗೆ ನಿಮ್ಮ ಕಾರ್ಯಕ್ರಮ ಚೆನ್ನಾಗಿ ಕೇಳಿಸಿತು’ ಎಂದು ಬರೆದು ಹಾಕುವುದು, ಅವರು ಕಳಿಸುವ ಬಣ್ಣದ ಕಾರ್ಡು ಬಂದರೆ ಟ್ರಂಕಿಗೆ ಸೇರಿಸುವುದು. ಜಪಾನ್, ರುಮೇನಿಯ, ವಿಯೆಟ್ನಾಂ, ಯಾರೂ ಅವರಿಗೆ ಉತ್ತರ ತಪ್ಪಿಸಲಿಲ್ಲ.

ಕೇಳಿದ್ದು ಸಾಕು, ಇನ್ನು ಮಾತಾಡಬೇಕು ಅನ್ನಿಸಿದಾಗ ರಾಬರ್ಟ್‌ಸನ್‌ಪೇಟೆಯ ಹವ್ಯಾಸಿ ರೇಡಿಯೊ ಕ್ಲಬ್ಬಿಗೆ ಸೇರಿ, ಪರೀಕ್ಷೆ ಪಾಸು ಮಾಡಿ, ಲೈಸೆನ್ಸು ತೆಗೆದುಕೊಂಡರು. ಗಾಳಿಯಲ್ಲಿ ಅವರನ್ನು ಗುರುತಿಸಲು ಸರ್ಕಾರ ಕೊಟ್ಟ ಅಕ್ಷರಗಳಲ್ಲಿ ಕೊನೆಯದು ಎಚ್. ಹವ್ಯಾಸಿಗಳಿಗೆ ಆ ಅಕ್ಷರಗಳೇ ಹೆಸರು, ಅವೇ ವಿಳಾಸ. ಕ್ಲಬ್ಬಿನಲ್ಲಿ ಹೊಸಬರಿಗೆ ಒಂದು ವರ್ಷದ ಮಟ್ಟಿಗೆ ಒಂದು ಸೆಟ್ಟು ಕೊಡುತ್ತಾರೆ. ಮಾತಾಡಿದವರು ಸಾಕ್ಷಿಯಾಗಿ ಕಾರ್ಡು ಕಳಿಸುವುದು ಈ ಹವ್ಯಾಸದ ಮರ್ಯಾದೆ. ವರ್ಷದೊಳಗೆ ಅಂಥ ಹತ್ತು ಕಾರ್ಡು ಬಂದರೆ ಸೆಟ್ಟು ಅವರ ಹತ್ತಿರವೇ ಉಳಿಯುತ್ತದೆ, ಇಲ್ಲವಾದರೆ ಸಾಲಿನಲ್ಲಿ ಕಾದಿರುವ ಇನ್ನೊಬ್ಬರಿಗೆ ಹೋಗುತ್ತದೆ.

ಗಂಡ ಮುನಿನಾರಾಯಣಪ್ಪ ತಾರಸಿಯಿಂದ ಹೊಂಗೆಮರಕ್ಕೆ ತಂತಿ ಎಳೆದು ಕಟ್ಟಿಕೊಟ್ಟರು. ರತ್ನಮ್ಮ ದಿನಾ ಬೆಳಿಗ್ಗೆ ತಿಂಡಿಯ ಕೆಲಸ ಮುಗಿಸಿ ಸೆಟ್ಟಿನ ಮುಂದೆ ಕೂತರು. ಅರವತ್ತಕ್ಕೂ ಹೆಚ್ಚು ಜನರೊಡನೆ ಮಾತಾಡಿದರು. ಹನ್ನೊಂದು ತಿಂಗಳು ಕಳೆದರೂ ಬಂದ ಕಾರ್ಡು ಸೊನ್ನೆ.

ಕ್ಲಬ್ಬಿನ ಕಾರ್ಯದರ್ಶಿ ರಾಧಾಮಣಿ ಕೆಜಿಎಫ್‌ನ ನಂದಿದುರ್ಗ ಗಣಿಯ ಕಾರ್ಮಿಕರ ಲೈನಿನಲ್ಲಿ ಹುಟ್ಟಿ ಬೆಳೆದವಳು, ಮನೆಮಾತು ತಮಿಳು. “ಅಕ್ಕಾ, ನೀವೇ ಮೊದ್ಲು ಕಾರ್ಡ್ ಆಕಿ ನೋಡಿ” ಎಂದಳು.

“ಅದೆಂಗಮ್ಮಾ ಆಕೋದು? ಕೈ ಚಾಚಿದಂಗಾಗಲ್ವಾ?” ಎಂದರು ರತ್ನಮ್ಮ. ಸ್ವಾಭಿಮಾನ ಒಳ್ಳೆಯದೇ, ಆದರೆ ಅವರದು ಸ್ವಲ್ಪ ಉಪ್ಪು ಜಾಸ್ತಿಯಾದ ಸಾರು. ಬರೆದದ್ದಕ್ಕೆ ಲೋಕವೆಲ್ಲ ಉತ್ತರ ಕೊಟ್ಟಿತ್ತು, ಬಾಯಿ ಬಿಟ್ಟ ಮೇಲೆ ಒಬ್ಬರೂ ಕೊಡುತ್ತಿಲ್ಲ. ತನ್ನ ಮಾತಿನ ವರಸೆ ಕೇಳಿ ಜನ ತಾತ್ಸಾರ ಮಾಡುತ್ತಿರಬೇಕು ಎಂದು ಅವರ ಮನಸ್ಸಿಗೆ ಬಂತು. ಅದನ್ನು ಯಾರಿಗೂ ಹೇಳಲಿಲ್ಲ. ಒಳಗೇ ನೊಂದರು.

ಸೆಟ್ಟು ವಾಪಸು ಕೊಡಬೇಕಾದದ್ದು ಒಂದು ಸೋಮವಾರ. ಹಿಂದಿನ ದಿನ ಬೆಳಿಗ್ಗೆ ಕೊನೆಯ ಸಲ ಎಂದುಕೊಂಡು ಕೂತರು. ನಾಗಪುರದವರೊಬ್ಬರು ಸಿಕ್ಕರು. ಗಾಳಿಯಲ್ಲಿ ಅಕ್ಷರಗಳು ಕಲಸಿಹೋಗದಿರಲಿ ಎಂದು ಪ್ರತಿ ಅಕ್ಷರಕ್ಕೂ ಒಂದು ಪದ ಗೊತ್ತುಮಾಡಿದ್ದಾರೆ. ಓ ಎಂದರೆ ಆಸ್ಕರ್, ಎಚ್ ಎಂದರೆ ಹೋಟೆಲ್. ಗೊತ್ತುಮಾಡಿದ ಪುಣ್ಯಾತ್ಮರು ಕೋಲಾರ ಜಿಲ್ಲೆ ನೋಡಿರಲಾರರು.

ನಾಗಪುರದವರು ರತ್ನಮ್ಮನ ಅಕ್ಷರಗಳನ್ನು ತಿರುಗಿ ಹೇಳುತ್ತ ಕೊನೆಗೆ “ಆಸ್ಕರ್” ಎಂದರು.

“ನೋ ಆಸ್ಕರ್! ಓಟೆಲ್, ಓಟೆಲ್!” ಎಂದು ರತ್ನಮ್ಮ ಒತ್ತಿ ಹೇಳಿದರು.

“ರೋಜರ್, ರೋಜರ್”, ಅಂದರೆ ಎಲ್ಲ ತಿಳಿಯಿತು, ಎಂದು ಆ ಮಹಾನುಭಾವರು ಹೊರಟುಹೋದರು. ರತ್ನಮ್ಮ ಸ್ವಿಚ್ಚಿಗೆ ಕೈ ಹಾಕುವಷ್ಟರಲ್ಲಿ ಕನ್ನಡದಲ್ಲೇ ಒಂದು ದನಿ ನುಗ್ಗಿತು.

“ಓಗ್ಬೇಡಿ ಕಣವ್ವಾ, ಇರಿ ಇರಿ! ನಾನು ಮದ್ದೂರಿಂದ ಚನ್ನಂಕೇಗೌಡ, ರಿಟೈರಾದ ಮೇಷ್ಟ್ರು. ನಿಮ್ದು ಕೊನೇ ಅಕ್ಸರ ಎಚ್ ತಾನೆ?”

“ಊಂ ಸಾರ್, ಎಚ್ಚೇ. ಓಟೆಲ್.”

ಆ ಕಡೆ ಮೇಷ್ಟರು ನಕ್ಕ ನಗು ಹೊಂಗೆಮರದ ತಂತಿಯನ್ನು ಅಲ್ಲಾಡಿಸುವಂತಿತ್ತು. “ಅವ್ವಾ, ನಂದು ಕೊನೇದು ಓ, ಮಿಕ್ಕಿದ್ದೆಲ್ಲಾ ನಿಮ್ದೇ ಅಕ್ಸರ. ನೀವು ಓಟೆಲ್ ಅಂದ್ರೆ ಅವ್ರು ಓ ಅಂತ ಬರ್ಕೊತಾವ್ರೆ. ನಾನು ಮಾತೇ ಆಡ್ದೆ ಇರೋರಿಂದ ನಂಗೆ ಅದಿನೆಂಟು ಕಾರ್ಡ್ ಬಂದವೆ! ಯಾರ್ದೋ ಸ್ವತ್ತು, ಯಾರೋ ಕಾಯ್ತಾ ಇರ್ತಾರೆ ಅಂತ ಮೂರು ತಿಂಗ್ಳಿಂದ ಭಾನ್ವಾರ ಭಾನ್ವಾರ ಇಲ್ಲಿ ಕಿವಿ ಕೊಟ್ಕೊಂಡು ಕುಂತಿವ್ನಿ.”

“ತಪ್ಪು ನಂದೇ ಸಾರ್, ನನ್ ಬಾಯಿ ತಿರುಗಲ್ಲ” ಎಂದರು ರತ್ನಮ್ಮ.

“ತಪ್ಪೇನ್ ಬಂತು? ನಾನೂ ಮೂವತ್ತು ವರ್ಸ ಇಸ್ಕೂಲಲ್ಲಿ ಆ ಅಕ್ಸರ ತಿದ್ದಿಸ್ದೆ, ಒಬ್ಬ ಉಡ್ಗನೂ ಕಲೀನಿಲ್ಲ. ಅದ್ಕೇ ನಿಮ್ ಓಟೆಲ್ ನಂಗೆ ಅರ್ತ ಆಯ್ತು. ಬ್ಯಾರೆಯೋರ್ಗೆಲ್ಲಿ ಆದಾತು?”

ಸುದ್ದಿ ತಿಳಿದು ಕ್ಲಬ್ಬಿನಲ್ಲಿ ಎಲ್ಲರೂ ಮುಖ ಮುಖ ನೋಡಿಕೊಂಡರು. ಅಷ್ಟು ದಿನ ಪಕ್ಕದಲ್ಲೇ ಕೂತು ಕಲಿಸಿದವರಿಗೆ ಯಾಕೆ ಕೇಳಿಸಲಿಲ್ಲ? ಕೇಳಿಸುವುದು ಹೇಗೆ! ಕನ್ನಡದವರಿಗೆ ಅದು ಓಟ್ಲು, ತಮಿಳರಿಗೆ ಓಟ್ಟಲ್. ರಾಬರ್ಟ್‌ಸನ್‌ಪೇಟೆಯಲ್ಲಿ ದೋಸೆ ತಿನ್ನಲು ‘ಹೋಟೆಲ್’ಗೆ ಹೋದವರು ನನಗೆ ತಿಳಿದಂತೆ ಯಾರೂ ಇಲ್ಲ. ರಾಧಾಮಣಿ ಹಣೆ ಚಚ್ಚಿಕೊಂಡು, “ಅಕ್ಕಾ, ಕಲ್ಸಿದ್ದೇ ನಾನು. ನಾನೂ ಓಟ್ಟಲ್ ಅಂತಾನೇ ಯೋಳ್ಕೊಟ್ಟಿದೀನಿ” ಎಂದು ರತ್ನಮ್ಮನ ಕೈ ಹಿಡಿದುಕೊಂಡಳು. ಕಾರ್ಡುಗಳು ಬರುವವರೆಗೆ ಸೆಟ್ಟು ಕದಲಬಾರದೆಂದು ಅವಳೇ ಅಪ್ಪಣೆ ಹೊರಡಿಸಿದಳು.

ಗುರುವಾರ ಪೋಸ್ಟಿನಲ್ಲಿ ಮದ್ದೂರಿನಿಂದ ದಪ್ಪ ಲಕೋಟೆ ಬಂತು. ರತ್ನಮ್ಮ ನಡುಮನೆಯಲ್ಲಿ ಚಾಪೆ ಹಾಸಿ, ಮಾತಾಡಿದ್ದನ್ನೆಲ್ಲ ಬರೆದಿಟ್ಟ ತಮ್ಮ ಪುಸ್ತಕದ ತಾರೀಖಿಗೆ ತಾಳೆ ನೋಡುತ್ತ ಒಂದೊಂದನ್ನೇ ಇಟ್ಟರು. ಭುಜ್, ತೇಜ್‌ಪುರ, ನಾಗರಕೋಯಿಲ್, ಕೊಲಂಬೊ. ಹದಿನೆಂಟೂ ಸರಿಹೋದವು. ಯಾರೂ ತಾತ್ಸಾರ ಮಾಡಿರಲಿಲ್ಲ. ಕೇಳಿದವರು ಪ್ರೀತಿಯಿಂದಲೇ ಕೇಳಿ, ಪ್ರೀತಿಯಿಂದಲೇ ಬರೆದಿದ್ದರು. ಇಷ್ಟು ತಿಂಗಳು ಆ ಜನರ ಮೇಲೆ ಮುನಿಸಿಟ್ಟುಕೊಂಡಿದ್ದಕ್ಕೆ ರತ್ನಮ್ಮನಿಗೆ ನಾಚಿಕೆಯಾಯಿತು. ಒಬ್ಬೊಬ್ಬರಿಗೂ ಅಂದೇ ಬರೆಯಬೇಕು, ಮೊದಲು ತಾನೇ ಬರೆಯಬೇಕು ಎಂದುಕೊಂಡರು.

ಲಕೋಟೆಯ ತಳದಲ್ಲಿ ಹತ್ತೊಂಬತ್ತನೆಯದೊಂದು ಉಳಿದಿತ್ತು. ಭಾನುವಾರದ ಮಾತಿಗೆ ಮೇಷ್ಟರು ಕಳಿಸಿದ ಅವರದೇ ಕಾರ್ಡು. ರತ್ನಮ್ಮನ ಅಕ್ಷರಗಳನ್ನು ಮೇಷ್ಟರ ಕೈಬರಹದಲ್ಲಿ ಗುಂಡಾಗಿ ಬರೆದು, ಕೊನೆಯ ಎಚ್ ಅನ್ನು ಎರಡು ಸಲ ತಿದ್ದಿ ದಪ್ಪ ಮಾಡಿದ್ದರು. ಕೆಳಗೆ ಕನ್ನಡದಲ್ಲಿ ಒಂದೇ ಸಾಲು: ‘ಸ್ಪಷ್ಟವಾಗಿ ಕೇಳಿಸಿತು.’

ರತ್ನಮ್ಮ ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡರು. ಅಳು ಬಂತು, ತಡೆಯಲಿಲ್ಲ. ಹಿತ್ತಲಿನಲ್ಲಿದ್ದ ಗಂಡನನ್ನು ಕೂಗಿ ಕರೆದು ಕಾರ್ಡು ತೋರಿಸಿದರು.

“ಇಲ್ ನೋಡಿ, ನನ್ ಎಸ್ರು! ಸರ್ಯಾಗ್ ಬರ್ದವ್ರೆ!”