ಹೂಮೀನಿಗೆ ಸೀಗಡಿ ಹೇಳಿಕೊಟ್ಟ ಲೆಕ್ಕ

ಕೊ ಬಿಶಿಯಾ ಟೀಚರ್ ಅಂದರೆ ಜಿಯಾಯಿ ಕಡಲತೀರದ ಆ ಊರಿನವರಿಗೆ ಮೊದಲು ನೆನಪಾಗುವುದು ಒಂದು ಬಿದಿರಿನ ಡಬ್ಬಿ. ಅದರಲ್ಲಿ ಇಪ್ಪತ್ತೇಳು ಕಡ್ಡಿ, ಒಂದೊಂದರ ಮೇಲೂ ಒಂದೊಂದು ಮಗುವಿನ ನಂಬರು. ಡಬ್ಬಿಯನ್ನು ಗಲಗಲ ಅಲ್ಲಾಡಿಸಿ ಕಡ್ಡಿ ಎಳೆದರೆ ಮುಗಿಯಿತು, ಆ ನಂಬರಿನವರು ಎದ್ದು ಉತ್ತರ ಹೇಳಲೇಬೇಕು. ಮೂವತ್ತನಾಲ್ಕು ವರ್ಷ ಹೀಗೇ ಗಣಿತ ಕಲಿಸಿದವರು ಅವರು. ಅಪ್ಪ, ಮಗ ಇಬ್ಬರೂ ಅವರೆದುರು ಮಗ್ಗಿ ಒಪ್ಪಿಸಿದ ಮನೆಗಳು ಊರಲ್ಲಿ ಬೇಕಾದಷ್ಟಿವೆ.

ಹದಿನೇಳನೇ ಕಡ್ಡಿ ಬಂದಾಗ ಮಾತ್ರ ಆಟ ಕೆಡುತ್ತಿತ್ತು. ಆ ನಂಬರಿನ ಹುಡುಗಿ ಡಿಂಗ್ ಯೂಆನ್ ಎದ್ದು ನಿಂತು ನೆಲ ನೋಡುವಳು, ತುಟಿ ಪಿಟಕ್ಕೆನ್ನುತ್ತಿರಲಿಲ್ಲ. "ಕೂತ್ಕೋ ಮಗಳೇ" ಎಂದು ಟೀಚರ್ ಕಡ್ಡಿ ಒಳಗೆ ಹಾಕುವರು. ಐದನೇ ತರಗತಿ ಮುಗಿದು ಆರನೆಯದು ಅರ್ಧವಾಯಿತು, ಆ ಹುಡುಗಿಯ ದನಿ ಹೇಗಿದೆಯೆಂದೇ ತರಗತಿಗೆ ಗೊತ್ತಿರಲಿಲ್ಲ.

ಆ ಚಳಿಗಾಲದಲ್ಲಿ ಹೆಡ್‌ಮಾಸ್ಟರ್ ವೆಂಗ್ ಟೀಚರನ್ನು ಕರೆಸಿದರು. ವಯಸ್ಸಿನಲ್ಲಿ ಟೀಚರಿಗಿಂತ ಹದಿನೈದು ವರ್ಷ ಚಿಕ್ಕವರು, ಮಾತಿನಲ್ಲಿ ಮಾತ್ರ ಬಹಳ ದೊಡ್ಡವರು.

"ಕೊ ಟೀಚರ್, ಮಕ್ಕಳಿಗೆಲ್ಲ ಟ್ಯಾಬ್ಲೆಟ್ ಬಂದು ಎರಡು ವರ್ಷ ಆಯ್ತು. ನಿಮ್ಮ ಕ್ಲಾಸಲ್ಲಿ ಅವು ಕಪಾಟಿನಲ್ಲಿ ಮಲಗಿವೆ. ಮುಂದಿನ ತಿಂಗಳು ನಿಮ್ಮ ಪಾಠ ನೋಡೋಕೆ ಬರ್ತೀವಿ. ಅವನ್ನ ಬಳಸೋಕೆ ಆಗ್ಲಿಲ್ಲ ಅಂದ್ರೆ ಹೊಸ ವರ್ಷದ ರಜಾ ಮುಗಿದ ಮೇಲೆ ಕ್ಲಾಸನ್ನ ಬೇರೆಯವರಿಗೆ ಕೊಡ್ಬೇಕಾಗುತ್ತೆ. ಬೇಜಾರು ಮಾಡ್ಕೋಬೇಡಿ."

ಬೇಜಾರು ಮಾಡಿಕೊಳ್ಳದೆ ಇನ್ನೇನು ಮಾಡುತ್ತಾರೆ, ಪುಣ್ಯಾತ್ಮ! ಜೂನ್‌ನಲ್ಲಿ ಆ ಮಕ್ಕಳು ಶಾಲೆ ಮುಗಿಸಿ ಹೊರಡುವ ದಿನವೇ ಟೀಚರ್ ನಿವೃತ್ತಿ. ಅವರ ಕೈಹಿಡಿದು ಬೀಳ್ಕೊಡುಗೆಯ ವೇದಿಕೆ ಹತ್ತಿ ತಾವೂ ಹೊರಡಬೇಕೆಂಬ ಒಂದೇ ಆಸೆ ಇಟ್ಟುಕೊಂಡಿದ್ದರು. ಅದಕ್ಕೇ ಕಲ್ಲು ಬೀಳುವ ಹಾಗಾಯಿತು.

ಛಲ ಬಂತು. ಮೊದಲು ತಾವು ಅಭ್ಯಾಸ ಮಾಡಿಕೊಳ್ಳಲೆಂದು ಅಕ್ಕನ ಶೆಡ್ಡಿನಲ್ಲಿ ಸಿಂಪಿಯ ಚಿಪ್ಪು ಒಡೆಯುವ ಹೆಂಗಸರನ್ನೇ ಶಿಷ್ಯರನ್ನಾಗಿ ಮಾಡಿಕೊಂಡರು. ಟೀಚರ್ ಪ್ರಶ್ನೆ ಕಳಿಸುವುದು, ಅವರು ಮೊಬೈಲಿನಲ್ಲಿ ಉತ್ತರ ಒತ್ತುವುದು.

"ಲೇ ಶಿಯಾ, ಸಿಂಪಿ ಒಡೆಯೋ ಕೈಗೆ ಮೊಬೈಲ್ ಕೊಡ್ತೀಯಲ್ಲೇ, ತಲೆ ನೆಟ್ಟಗಿದ್ಯಾ?" ಎಂದು ಅಕ್ಕ ಬೈದಳು. ಬೈದವಳೇ ಮರುದಿನ ಎಲ್ಲರಿಗಿಂತ ಮೊದಲು ಒತ್ತಿದಳು. ನಿಜವಾದ ಹೆಸರು ಹಾಕಿದರೆ ಹೆಂಗಸರು ನಾಚಿಕೊಳ್ಳುತ್ತಾರೆ, ಸುಳ್ಳು ಹೆಸರಿದ್ದರೆ ತಪ್ಪೋ ಸರಿಯೋ ಧೈರ್ಯವಾಗಿ ಹೇಳುತ್ತಾರೆ ಎಂಬುದು ಟೀಚರಿಗೆ ತಿಳಿದದ್ದು ಅಲ್ಲೇ.

ಕಪಾಟಿನ ಟ್ಯಾಬ್ಲೆಟ್‌ಗಳನ್ನು ಹೊರತೆಗೆದು ತರಗತಿಯಲ್ಲೂ ಹಾಗೇ ಮಾಡಿದರು. ಪ್ರತಿಯೊಬ್ಬರೂ ಒಂದೊಂದು ಮೀನಿನ ಹೆಸರು ಇಟ್ಟುಕೊಳ್ಳಬೇಕು. "ತಪ್ಪು ಹೇಳಿದ ಮೀನು ಯಾರು ಅಂತ ಯಾರೂ ಕೇಳೋ ಹಾಗಿಲ್ಲ. ನಾನೂ ಕೇಳಲ್ಲ" ಎಂದು ಮಾತು ಕೊಟ್ಟರು.

ಪಾಠ ನೋಡುವ ದಿನ ಬಂತು. ಟೀಚರ್ ಗಾಬರಿಯಲ್ಲಿ ಒಂದು ಎಡವಟ್ಟು ಮಾಡಿದರು. ಅತಿಥಿಗಳು ಮೊಬೈಲಿನಲ್ಲಿ ಪಾಠದ ಟಿಪ್ಪಣಿ ತೆರೆದು ನೋಡಲೆಂದು ಬಾಗಿಲಿಗೆ ಅಂಟಿಸಬೇಕಿದ್ದ ಕ್ಯೂಆರ್ ಕೋಡಿನ ಬದಲು ಮಕ್ಕಳ ಆಟಕ್ಕೆ ಸೇರುವ ಕೋಡನ್ನು ಅಂಟಿಸಿಬಿಟ್ಟರು. ಹೆಡ್‌ಮಾಸ್ಟರರೂ ನಾಲ್ವರು ಮೇಷ್ಟರುಗಳೂ ಶಿಸ್ತಿನ ಜನ. ಬಾಗಿಲಲ್ಲಿದೆ ಎಂದ ಮೇಲೆ ಸ್ಕ್ಯಾನ್ ಮಾಡಲೇಬೇಕು, ಮೀನಿನ ಹೆಸರು ಕೇಳಿದ ಮೇಲೆ ಕೊಡಲೇಬೇಕು. ಕೊಟ್ಟು ಹಿಂದೆ ಹೋಗಿ ಗಂಭೀರವಾಗಿ ಕೂತರು.

ಟೀಚರ್ ಪ್ರಶ್ನೆ ಹಾಕಿದರು. ಅರವತ್ತು ಕಿಲೋಮೀಟರು ದೂರದ ಊರಿಗೆ ಸ್ಕೂಟರಿನಲ್ಲಿ ಹೋಗುವಾಗ ವೇಗ ಗಂಟೆಗೆ ಅರವತ್ತು, ಅದೇ ದಾರಿಯಲ್ಲಿ ಬರುವಾಗ ಮೂವತ್ತು. ಒಟ್ಟು ಸರಾಸರಿ ಎಷ್ಟು?

ಪರದೆಯ ಮೇಲೆ ಉತ್ತರಗಳು ಬಿದ್ದವು. ನಲವತ್ತೈದು ಎಂದವರು ಮೂವತ್ತೊಂದು, ನಲವತ್ತು ಎಂದವರು ಒಬ್ಬರೇ.

"ಟೀಚರ್! ನಾವಿರೋದು ಇಪ್ಪತ್ತೇಳು ಜನ, ಉತ್ತರ ಮೂವತ್ತೆರಡು! ಕ್ಲಾಸಲ್ಲಿ ದೆವ್ವ ಇದೆ!" ಎಂದು ಮಾನಿಟರ್ ಕೂಗಿದ.

ಟೀಚರ್ ಹಿಂದಿನ ಸಾಲು ನೋಡಿದರು. ಐದು ತಲೆಗಳೂ ಮೊಬೈಲಿಗೆ ಬಗ್ಗಿದ್ದವು. ಅಂದರೆ ಹೆಡ್‌ಮಾಸ್ಟರೂ ತಪ್ಪು ಹೇಳಿರಬೇಕು, ಅದೂ ತಮ್ಮ ತರಗತಿಯಲ್ಲಿ! ಒಂದು ಗುಂಡಿ ಒತ್ತಿದರೆ ಆ ಐದನ್ನೂ ಹೊರಗೆ ಹಾಕಿ ಮಾನ ಉಳಿಸಬಹುದಿತ್ತು. ಬೆರಳು ಅಲ್ಲಿಯವರೆಗೂ ಹೋಯಿತು. ಆದರೆ ತಪ್ಪಿದವರನ್ನು ಯಾಕೆ ಹೊರಗೆ ಹಾಕಬೇಕು ಅನ್ನಿಸಿತು.

"ಬಂದ ಮೀನು ಎಲ್ಲಾ ಇರ್ಲಿ. ಯಾಕೆ ಆ ಉತ್ತರ ಅಂತ ಬರೀರಿ" ಎಂದರು.

ಹೂಮೀನು ಎಂಬ ಹೆಸರಿನವರು ಮೊದಲು ಬರೆದರು: "ಅರವತ್ತು, ಮೂವತ್ತು ಕೂಡಿಸಿ ಅರ್ಧ ಮಾಡಿದರೆ ನಲವತ್ತೈದು. ಇದರಲ್ಲಿ ಯೋಚನೆ ಮಾಡೋಕೆ ಏನಿದೆ?"

ಕೆಳಗೇ ಸೀಗಡಿ ಎಂಬ ಹೆಸರಿನ ಉತ್ತರ ಬಂತು: "ಹೂಮೀನೇ, ನಿದ್ದೆ ಹೊಡೀತಿದ್ಯಾ? ಹೋಗೋಕೆ ಒಂದು ಗಂಟೆ, ಬರೋಕೆ ಎರಡು ಗಂಟೆ. ಮೂರು ಗಂಟೇಲಿ ನೂರಿಪ್ಪತ್ತು ಕಿಲೋಮೀಟರ್. ಭಾಗ್ಸಿ ನೋಡು!"

ತರಗತಿ ಬಿದ್ದು ಬಿದ್ದು ನಕ್ಕಿತು. ಟೀಚರ್ ಪರದೆಯ ಮೇಲಿನ ಸ್ಕೂಟರನ್ನು ಓಡಿಸಿದರು. ಹೋಗುವಾಗ ಭರ್ ಎಂದು ಹೋಯಿತು, ಬರುವಾಗ ತೆವಳಿತು. ಪಕ್ಕದ ಗಡಿಯಾರ ಮೂರು ಗಂಟೆಗೆ ನಿಂತಿತು. "ಅಯ್ಯೋ, ಹೌದಲ್ವಾ!" ಎಂದು ಎಲ್ಲ ಕಡೆಯಿಂದ ಉದ್ಗಾರ ಬಂತು. ಮತ್ತೆ ಉತ್ತರ ಕೇಳಿದಾಗ ಮೂವತ್ತೆರಡೂ ನಲವತ್ತಕ್ಕೇ ಬಿದ್ದವು. ಟೀಚರಿಗೆ ಹಿಡಿಸಲಾರದಷ್ಟು ಹಿಗ್ಗು. ಮೂವತ್ತನಾಲ್ಕು ವರ್ಷದಲ್ಲಿ ಆ ಕಡ್ಡಿಗಳು ಒಂದೇ ಸಲಕ್ಕೆ ಎಲ್ಲರನ್ನೂ ಹೀಗೆ ಎಬ್ಬಿಸಿರಲಿಲ್ಲ.

ಪಾಠ ನೋಡಲು ಬಂದವರು ನಡುವೆ ಬಾಯಿ ಬಿಡುವ ಪದ್ಧತಿಯಿಲ್ಲ. ಆದರೂ ಹೆಡ್‌ಮಾಸ್ಟರ್ ವೆಂಗ್ ಎದ್ದು ನಿಂತರು. ಕಿವಿ ಕೆಂಪಾಗಿತ್ತು.

"ಯಾರೂ ಕೇಳಲಿಲ್ಲ, ನಾನೇ ಹೇಳ್ತೀನಿ. ಆ ಹೂಮೀನು ನಾನು. ನಿದ್ದೆ ಹೊಡೀತಿರ್ಲಿಲ್ಲ ಕಣ್ರಪ್ಪಾ, ಲೆಕ್ಕ ತಪ್ಪಿದ್ದು ಮಾತ್ರ ನಿಜ" ಎಂದು ಟೀಚರ ಕಡೆ ತಿರುಗಿದರು. "ಕೊ ಟೀಚರ್, ಜೂನ್‌ನಲ್ಲಿ ಈ ಮಕ್ಕಳ ಜೊತೆ ವೇದಿಕೆ ಹತ್ತೋರು ನೀವೇ. ಬೇರೆ ಮಾತಿಲ್ಲ."

ಟೀಚರಿಗೆ ಕಣ್ಣು ಮಂಜಾಯಿತು. ಒರೆಸಿಕೊಳ್ಳುವಷ್ಟರಲ್ಲಿ ಕಿಟಕಿ ಪಕ್ಕದ ಕುರ್ಚಿಯೊಂದು ಕಿರ್ರೆಂದಿತು. ಕಡ್ಡಿ ಯಾರೂ ಎಳೆದಿರಲಿಲ್ಲ. ಹದಿನೇಳನೇ ನಂಬರಿನ ಹುಡುಗಿ ತಾನಾಗಿ ಎದ್ದು ನಿಂತಿದ್ದಳು. ಈ ಸಲ ನೆಲ ನೋಡುತ್ತಿರಲಿಲ್ಲ.

"ಸರ್, ಸೀಗಡಿ ನಾನು" ಎಂದಳು. ದನಿ ಸ್ವಲ್ಪ ಗಡುಸಾಗಿತ್ತು. "ಈಗ ಅರ್ಥ ಆಯ್ತಾ?"

ಹೆಡ್‌ಮಾಸ್ಟರ್ ವೆಂಗ್ ಎರಡೂ ಕೈ ಕೆಳಗೆ ಬಿಟ್ಟು ಮಕ್ಕಳ ಹಾಗೆ ನೆಟ್ಟಗೆ ನಿಂತರು.

"ಆಯ್ತು ಟೀಚರ್" ಎಂದರು.